ಜವಾರಿ ಕೋಳಿಗಳ ನಡುವೆ ಸಾಧು ಗಿರಿರಾಜ



ಹಿಂಗಾರಿ ಜೋಳದ ಬೆಳೆ ನೋಡಲು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಿಗೆ ಹೋದಾಗ ಹೊಲದ ಮಾತು ಮುಗಿದು ಚಹಾ ಬರುವ ಹೊತ್ತಿಗೆ ಅಡುಗೆಮನೆಯ ಬಾಗಿಲಿನಿಂದ ಒಂದು ಪ್ರಶ್ನೆ ಬರುವುದುಂಟು: "ಸಾಹೇಬರ, ಗಿರಿರಾಜ ಕೋಳಿ ತಂದು ನಮ್ಮ ಜವಾರಿ ಕೋಳಿ ಜೋಡಿ ಬಿಟ್ಟರ ನಡೀತೈತೇನ್ರಿ?" ಕೇಳುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು. ಜೋಳ, ತೊಗರಿಯ ದುಡ್ಡು ಗಂಡಸರ ಕೈ ಸೇರಿದರೆ, ಮೊಟ್ಟೆ ಮತ್ತು ಹುಂಜದ ದುಡ್ಡು ಅವರ ಕೈಯಲ್ಲಿ ಉಳಿಯುತ್ತದೆ. ಮಕ್ಕಳ ನೋಟುಬುಕ್ಕು, ಬಸ್ಸಿನ ಚಾರ್ಜು, ತವರಿಗೆ ಹೋಗುವಾಗಿನ ಒಂದು ಸೀರೆ ಅದರಿಂದಲೇ ಬರುತ್ತವೆ. ಆದುದರಿಂದ ಈ ಪ್ರಶ್ನೆಗೆ ಹಗುರವಾಗಿ ಉತ್ತರ ಕೊಡಬಾರದು.

ನಾನು ಬೇಸಾಯಶಾಸ್ತ್ರದವನು, ಪಶುವೈದ್ಯನಲ್ಲ. ಆದರೂ ಈ ವಿಷಯದಲ್ಲಿ ಬರೆಯುವ ಹಕ್ಕು ನನಗೆ ಒಂದು ನಷ್ಟದಿಂದ ಬಂದಿದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಕೋಳಿಯ ಪರಿಚಯವಾಗಲಿ.

ಗಿರಿರಾಜ ಎಂಥ ಕೋಳಿ?

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಡಿ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಕೋಳಿ ಸಾಕಣೆ ವಿಭಾಗವು ಹಿತ್ತಲಲ್ಲಿ ಸಾಕಲೆಂದೇ ಈ ಕೋಳಿಯನ್ನು ಸಿದ್ಧಪಡಿಸಿ ೧೯೮೯ರಲ್ಲಿ ಬಿಡುಗಡೆ ಮಾಡಿತು. ಬಣ್ಣಬಣ್ಣದ ಗರಿ, ದಪ್ಪ ಕಾಲು, ಭಾರವಾದ ಮೈ. ಮಾಂಸಕ್ಕೂ ಆಗುತ್ತದೆ, ಮೊಟ್ಟೆಗೂ ಆಗುತ್ತದೆ. ನಮ್ಮ ಜವಾರಿ ಹ್ಯಾಟೆ ವರ್ಷಕ್ಕೆ ೫೦ರಿಂದ ೭೦ ಮೊಟ್ಟೆ ಇಟ್ಟರೆ, ಒಳ್ಳೆಯ ಆಹಾರ ಸಿಕ್ಕಿದ ಗಿರಿರಾಜ ೧೩೦ರಿಂದ ೧೫೦ ಮೊಟ್ಟೆ ಇಡುತ್ತದೆ. "ಒಳ್ಳೆಯ ಆಹಾರ ಸಿಕ್ಕಿದ" ಎಂಬ ಮಾತನ್ನು ದಯವಿಟ್ಟು ಎರಡು ಸಲ ಓದಿರಿ. ತಿಪ್ಪೆ ಕೆದರಿ ಹೊಟ್ಟೆ ಹೊರೆದುಕೊಳ್ಳುವ ಗಿರಿರಾಜದಿಂದ ಅಷ್ಟು ಮೊಟ್ಟೆ ನಿರೀಕ್ಷಿಸಬೇಡಿ. ೨೦೦೫ರಲ್ಲಿ ಬಂದ ಸ್ವರ್ಣಧಾರ ಮೊಟ್ಟೆಯಲ್ಲಿ ಇದಕ್ಕಿಂತ ಮುಂದು, ಮೈಯಲ್ಲಿ ಸ್ವಲ್ಪ ಹಗುರ. ಹೈದರಾಬಾದಿನಲ್ಲಿ ಸಿದ್ಧವಾದ ವನರಾಜವೂ ಇದೇ ಉದ್ದೇಶದ್ದು. ಇಲ್ಲಿ ಗಿರಿರಾಜಕ್ಕೆ ಹೇಳುವ ಮಾತು ಹೆಚ್ಚುಕಡಿಮೆ ಈ ಮೂರಕ್ಕೂ ಅನ್ವಯಿಸುತ್ತದೆ.

ಇದರ ಗುಣವೆಂದರೆ ಸಾಧು ಸ್ವಭಾವ. ಕರೆದರೆ ಬರುತ್ತದೆ, ಹಿಡಿದರೆ ಕೂಗಾಡುವುದಿಲ್ಲ, ಸಣ್ಣ ಮಕ್ಕಳೂ ಎತ್ತಿಕೊಳ್ಳಬಹುದು. ನೆರೆಯವರ ಮಾಳಿಗೆ ಏರಿ ಒಣಹಾಕಿದ ಕಾಳು ಕೆದರಿ ಜಗಳ ತರುವುದೂ ಕಡಿಮೆ. ಸಾಕುವವರಿಗೆ ಇದು ಲಾಭ. ಆದರೆ ಹಿತ್ತಲಲ್ಲಿ ಇದೇ ಸಾಧುತನ ಅದಕ್ಕೆ ಮುಳುವಾಗುತ್ತದೆ. ಜವಾರಿ ಹ್ಯಾಟೆ ಮೈಯಲ್ಲಿ ಇದರ ಅರ್ಧದಷ್ಟಿದ್ದರೂ ಚುರುಕು, ಜಗಳಗಂಟಿ. ಹದ್ದಿನ ನೆರಳು ಬಿದ್ದ ಕ್ಷಣ ಅದು ಬೇಲಿಯೊಳಗೆ ಮಾಯವಾಗುತ್ತದೆ. ಗಿರಿರಾಜ ಮಾತ್ರ ಅಂಗಳದ ನಡುವೆ ನಿಂತು ಮೇಲೆ ನೋಡುತ್ತದೆ!

ನಾನು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದಿನ ಮಾತು. ಸಿಂದಗಿ ತಾಲೂಕಿನ ಒಂದು ಹಳ್ಳಿಯಲ್ಲಿ ನನ್ನ ಅಕ್ಕನ ಮನೆ. ಅವಳ ಹಿತ್ತಲಲ್ಲಿ ೧೪ ಜವಾರಿ ಕೋಳಿಗಳಿದ್ದವು. ಅವಳಿಗೆ ಸಹಾಯವಾಗಲೆಂದು, ಬೇಸಿಗೆ ಆರಂಭವಾಗುವ ದಿನಗಳಲ್ಲಿ, ದಾರಿಯಲ್ಲಿ ಬುಟ್ಟಿಯಲ್ಲಿ ಮಾರುತ್ತಿದ್ದವರ ಬಳಿ ಮೂರು ತಿಂಗಳ ೬ ಗಿರಿರಾಜ ಕೋಳಿ ಕೊಂಡೆ. ಯಾವ ಲಸಿಕೆ ಆಗಿದೆ, ಎಲ್ಲಿ ಬೆಳೆದವು ಎಂದು ಕೇಳಲಿಲ್ಲ. ಹೊಸ ಬೀಜದ ಚೀಲ ತಂದರೆ ಚೀಟಿ ಓದದೆ ಬಿತ್ತಬೇಡಿ ಎಂದು ಊರೂರಿಗೆ ಹೇಳುವ ನಾನು, ಸಂಜೆ ಹೋದವನೇ ಬುಟ್ಟಿಯ ಬಾಯಿ ಬಿಚ್ಚಿ ಅವನ್ನು ಅಂಗಳಕ್ಕೆ ಬಿಟ್ಟೆ.

ಮರುದಿನ ಬೆಳಿಗ್ಗೆ ಒಂದರ ನೆತ್ತಿಯಲ್ಲಿ ರಕ್ತವಿತ್ತು. ಉಳಿದವು ಗೋಡೆಯ ಮೂಲೆಯಲ್ಲಿ ಒಂದರ ಮೇಲೊಂದು ತಲೆ ಅಡಗಿಸಿ ನಿಂತಿದ್ದವು. ಎರಡು ದಿನ ಅವು ಕಾಳು ಮುಟ್ಟಲಿಲ್ಲ. ನಾನು ಅದನ್ನೇ ದೊಡ್ಡ ತೊಂದರೆ ಎಂದುಕೊಂಡೆ. ನಿಜವಾದ ತೊಂದರೆ ವಾರ ಕಳೆದ ಮೇಲೆ ಬಂತು. ಮೊದಲು ಹೊಸ ಕೋಳಿಯೊಂದು ಬಾಯಿ ತೆರೆದು ಉಸಿರೆಳೆಯಿತು. ಹಸಿರು ಹಿಕ್ಕೆ ಹಾಕಿತು. ಹತ್ತನೆಯ ದಿನ ಜವಾರಿ ಹ್ಯಾಟೆಗಳು ರೆಕ್ಕೆ ಇಳಿಬಿಟ್ಟು ಕೂತವು. ಎರಡು ಕೋಳಿಗಳ ಕುತ್ತಿಗೆ ತಿರುಚಿಕೊಂಡಿತು. ಕೊಕ್ಕರೆ ರೋಗ, ಅಂದರೆ ರಾಣಿಖೇತ್. ೨೦ ಕೋಳಿಗಳಲ್ಲಿ ೩ ಉಳಿದವು. ಪಕ್ಕದ ಎರಡು ಮನೆಗಳ ಕೋಳಿಗಳೂ ಹೋದವು. ಅಕ್ಕ ನನ್ನ ಮೇಲೆ ಕೂಗಲಿಲ್ಲ. ಸತ್ತ ಕೋಳಿಗಳನ್ನು ಹೂಳಲು ತಗ್ಗು ತೋಡುವಾಗ, "ನಿನ್ನ ಡಾಕ್ಟರಕಿ ಬಿಳಿಜೋಳಕ್ಕ ಇಟ್ಕೋ ತಮ್ಮಾ, ನನ್ನ ಕೋಳಿ ತಂಟೆಕ ಬರಬ್ಯಾಡ" ಎಂದಳು, ಅಷ್ಟೆ. ನೆರೆಯವರು ಏನೂ ಅನ್ನಲಿಲ್ಲ. ಅದು ಇನ್ನೂ ಭಾರವಾಯಿತು.

ಕಚ್ಚಾಟಕ್ಕಿಂತ ರೋಗ ದೊಡ್ಡದು

ಹೊಸ ಕೋಳಿ ತರುವವರು "ಕಾದಾಡುತ್ತವೆಯೋ ಏನೋ" ಎಂದು ಅಂಜುತ್ತಾರೆ. ಕಚ್ಚಾಟದಿಂದ ಒಂದೋ ಎರಡೋ ಕೋಳಿಗೆ ಗಾಯವಾದೀತು. ರೋಗ ಹೊಕ್ಕರೆ ಓಣಿಯೇ ಬರಿದಾಗುತ್ತದೆ. ಕೊಕ್ಕರೆ ರೋಗದ ವಿಷಾಣು ಮೈ ಸೇರಿದ ಮೇಲೆ ಸಾಮಾನ್ಯವಾಗಿ ೫-೬ ದಿನಗಳಲ್ಲಿ ಲಕ್ಷಣ ಕಾಣುತ್ತದೆ; ಕೆಲವೊಮ್ಮೆ ೧೫ ದಿನವೂ ಹಿಡಿಯಬಹುದು. ತಂದ ದಿನ ಚೆನ್ನಾಗಿ ಕಾಣುವ ಕೋಳಿ ಆರೋಗ್ಯವಾಗಿದೆ ಎಂದು ನಂಬಲಾಗದು. ಆದುದರಿಂದ ಹೊಸ ಕೋಳಿಗಳನ್ನು ಮೂರರಿಂದ ನಾಲ್ಕು ವಾರ ಪೂರ್ತಿ ಬೇರೆ ಇಡಬೇಕು. ಮನೆಯ ಹಿತ್ತಲು ಒಂದು ಕಡೆಯಾದರೆ ಇವು ಇನ್ನೊಂದು ಕಡೆ, ಸಾಧ್ಯವಾದರೆ ಹೊಲದ ಗುಡಿಸಲಲ್ಲಿ ಇರಲಿ. ನೀರಿನ ಪರಟೆ, ಕಾಳಿನ ತಟ್ಟೆ ಬೇರೆ. ಬೆಳಿಗ್ಗೆ ಮೊದಲು ಹಳೆಯ ಕೋಳಿಗಳ ಕೆಲಸ ಮುಗಿಸಿ, ಆಮೇಲೆ ಹೊಸವುಗಳ ಕಡೆ ಹೋಗಿ, ಕೈಕಾಲು ತೊಳೆದುಕೊಳ್ಳಿ. ಚಪ್ಪಲಿಯನ್ನು ಮರೆಯಬೇಡಿ. ರೋಗ ಹಿಕ್ಕೆಯ ಜೊತೆ ಚಪ್ಪಲಿಯಲ್ಲಿ ನಡೆದು ಬರುತ್ತದೆ.

ಕೊನೆಯ ವಾರದಲ್ಲಿ ಒಂದು ಉಪಾಯವಿದೆ. ನಿಮ್ಮ ಹಿಂಡಿನ ಒಂದೇ ಒಂದು ಜವಾರಿ ಕೋಳಿಯನ್ನು ಹೊಸವುಗಳ ಜೊತೆ ಇಟ್ಟು ನೋಡಿ. ಹೊರಗೆ ಕಾಣದ ರೋಗ ಅವುಗಳಲ್ಲಿದ್ದರೆ ಆ ಒಂದು ಕೋಳಿ ತೋರಿಸಿಕೊಡುತ್ತದೆ. ಒಂದನ್ನು ಕಳೆದುಕೊಳ್ಳುವ ಅಪಾಯ ಇದೆ ನಿಜ, ಆದರೆ ಹದಿಮೂರು ಉಳಿಯುತ್ತವೆ. ಅಕ್ಕನಿಗೆ ಇದನ್ನು ಹೇಳಿದಾಗ ಅವಳು ಎಲ್ಲಕ್ಕಿಂತ ಜಗಳಗಂಟಿಯಾದ ಹ್ಯಾಟೆಯನ್ನೇ ಆರಿಸಿ ಕೊಟ್ಟಳು.

ಸತ್ತ ಕೋಳಿಯನ್ನು ಹಳ್ಳಕ್ಕೆ, ತಿಪ್ಪೆಗೆ ಎಸೆಯಬಾರದು. ಆಳವಾಗಿ ಹೂತು ಮೇಲೆ ಸುಣ್ಣ ಹಾಕಿ. ಕಾಯಿಲೆ ಬಿದ್ದ ಹಿಂಡಿನಿಂದ ಉಳಿದವನ್ನು ಗಡಿಬಿಡಿಯಲ್ಲಿ ಸಂತೆಗೆ ಒಯ್ದು ಮಾರುವುದು ನಮ್ಮಲ್ಲಿ ರೂಢಿ. ನಾನು ಕೊಂಡ ಬುಟ್ಟಿಯೂ ಹಾಗೆಯೇ ಬಂದಿರಬಹುದು ಎಂಬ ಅನುಮಾನ ನನಗೆ ಇಂದಿಗೂ ಇದೆ.

ಹಿಂಡಿಗೆ ಸೇರಿಸುವ ಬಗೆ

ಕೋಳಿಗಳಲ್ಲಿ ಯಾರು ಮೇಲು, ಯಾರು ಕೆಳಗೆ ಎಂಬ ಲೆಕ್ಕ ಗಟ್ಟಿಯಾಗಿರುತ್ತದೆ. ನಾರ್ವೆ ದೇಶದ ಷೆಲ್ಡೆರುಪ್ ಎಬ್ಬೆ ಎಂಬಾತ ಹುಡುಗನಾಗಿದ್ದಾಗಿನಿಂದ ಕೋಳಿಗಳು ಒಂದನ್ನೊಂದು ಕುಕ್ಕುವುದನ್ನು ಬರೆದಿಟ್ಟುಕೊಂಡು, ೧೯೨೦ರ ದಶಕದ ಆರಂಭದಲ್ಲಿ ಇದನ್ನು ವಿವರಿಸಿದ. ಮೇಲಿನ ಕೋಳಿ ಕೆಳಗಿನದನ್ನು ಕುಕ್ಕುತ್ತದೆ, ಅದು ತನಗಿಂತ ಕೆಳಗಿನದನ್ನು. ಹಿಂಡು ಹಳೆಯದಾದಂತೆ ಈ ಲೆಕ್ಕ ಎಲ್ಲರಿಗೂ ಗೊತ್ತಾಗಿ ಜಗಳ ಕಡಿಮೆಯಾಗುತ್ತದೆ. ಹೊಸ ಕೋಳಿ ಬಂತೆಂದರೆ ಲೆಕ್ಕ ಮೊದಲಿನಿಂದ ಶುರು. ಸಾಧು ಕೋಳಿ ಎದುರು ನಿಲ್ಲುವುದಿಲ್ಲ. ಮೈ ದೊಡ್ಡದಿದ್ದರೂ ಕಟ್ಟಕಡೆಯ ಸ್ಥಾನ ಅದರದ್ದೇ. ಕಟ್ಟಕಡೆಯ ಕೋಳಿಗೆ ಕಾಳು ಕಡೆಗೆ ಸಿಗುತ್ತದೆ, ನೆರಳು ಕಡೆಗೆ ಸಿಗುತ್ತದೆ, ನೀರೂ ಹಾಗೆಯೇ. ಗಿರಿರಾಜ ತಂದು "ಮೊಟ್ಟೆಯೇ ಇಡಲಿಲ್ಲ" ಎನ್ನುವ ಎಷ್ಟೋ ಮನೆಗಳಲ್ಲಿ ತೊಂದರೆ ತಳಿಯದ್ದಲ್ಲ. ಅದು ಅರೆಹೊಟ್ಟೆಯಲ್ಲಿತ್ತು.

ಇದಕ್ಕೆ ಹೀಗೆ ಮಾಡಿ. ಬೇರೆ ಇಟ್ಟ ಅವಧಿ ಮುಗಿದ ಮೇಲೆ ಹೊಸ ಕೋಳಿಗಳನ್ನು ಹಿತ್ತಲಿಗೆ ತಂದು, ತಂತಿ ಜಾಳಿಗೆಯ ಒಳಗಾಗಲಿ ದೊಡ್ಡ ಬಿದಿರು ಬುಟ್ಟಿಗಳಡಿಯಾಗಲಿ ಒಂದು ವಾರ ಇಡಿ. ಹಳೆಯವು ಸುತ್ತ ತಿರುಗಾಡಿ ನೋಡಲಿ, ಬೈದಾಡಲಿ, ಕೊಕ್ಕು ತಾಗದಿದ್ದರಾಯಿತು. ಎರಡೂ ಕಡೆ ಒಂದೇ ಹೊತ್ತಿಗೆ ಕಾಳು ಹಾಕಿ. ಎಂಟನೆಯ ದಿನ ಹೊತ್ತು ಮುಳುಗಿದ ಮೇಲೆ, ಹಳೆಯ ಕೋಳಿಗಳು ಗೂಡಿನಲ್ಲಿ ಕೂತು ತೂಕಡಿಸುವಾಗ, ಹೊಸವನ್ನು ಸದ್ದಿಲ್ಲದೆ ಅವುಗಳ ನಡುವೆ ಕೂಡಿಸಿ. ಕತ್ತಲಲ್ಲಿ ಕೋಳಿ ಜಗಳವಾಡುವುದಿಲ್ಲ. ಬೆಳಿಗ್ಗೆ ಒಟ್ಟಿಗೆ ಎದ್ದರೆ ಅರ್ಧ ಜಗಳ ಕಡಿಮೆ.

ಆ ಬೆಳಿಗ್ಗೆ ನೀವು ಮನೆಯಲ್ಲಿರಬೇಕು. ಹೊಲಕ್ಕೆ ಆಳು ಕರೆದ ದಿನ, ಊರಲ್ಲಿ ಜಾತ್ರೆ ಇದ್ದ ದಿನ ಈ ಕೆಲಸ ಇಟ್ಟುಕೊಳ್ಳಬೇಡಿ. ಕಾಳನ್ನು ಒಂದೇ ಕಡೆ ಸುರಿಯದೆ ನಾಲ್ಕೈದು ಕಡೆ ಚೆಲ್ಲಿ. ನೀರು ಎರಡು ಕಡೆ ಇಡಿ. ಬೆನ್ನಟ್ಟಿಸಿಕೊಂಡ ಕೋಳಿ ಹೊಕ್ಕು ಕೂಡಲು ಮರೆ ಬೇಕು. ಗೋಡೆಗೆ ಆನಿಸಿದ ತೊಗರಿ ಕಟ್ಟಿಗೆಯ ಹೊರೆ, ಚಕ್ಕಡಿಯ ಅಡಿ ಸಾಕು. ಸ್ವಲ್ಪ ಕುಕ್ಕಾಟವನ್ನು ಬಿಡಿಸಲು ಹೋಗಬೇಡಿ, ಲೆಕ್ಕ ತೀರಲೇಬೇಕು. ರಕ್ತ ಕಂಡರೆ ಮಾತ್ರ ಗಾಯಗೊಂಡ ಕೋಳಿಯನ್ನು ತೆಗೆದು ಅರಿಶಿನ, ಬೇವಿನೆಣ್ಣೆ ಹಚ್ಚಿ ಬೇರೆ ಇಡಿ, ಏಕೆಂದರೆ ಕೆಂಪು ಕಂಡಲ್ಲಿ ಉಳಿದವೂ ಕುಕ್ಕುತ್ತವೆ. ಒಂದೇ ಕೋಳಿ ಎಡೆಬಿಡದೆ ಕಾಡುತ್ತಿದ್ದರೆ ಕಾಡಿಸಿಕೊಳ್ಳುವುದನ್ನಲ್ಲ, ಕಾಡುವುದನ್ನು ಹಿಡಿದು ಮೂರು-ನಾಲ್ಕು ದಿನ ಬುಟ್ಟಿಯಡಿ ಮುಚ್ಚಿ. ಮರಳಿ ಬಿಟ್ಟಾಗ ಅದೇ ಹೊಸ ಕೋಳಿಯಂತಾಗಿ ಜೋರು ಇಳಿದಿರುತ್ತದೆ.

ಸಾಧು ಕೋಳಿಯನ್ನು ಎಂದೂ ಒಂಟಿಯಾಗಿ ತರಬೇಡಿ. ನಾಲ್ಕಕ್ಕೆ ಕಡಿಮೆ ಇದ್ದರೆ ಪೆಟ್ಟೆಲ್ಲ ಒಂದಕ್ಕೇ ಬೀಳುತ್ತದೆ.

ಮರಿಯೋ, ಬೆಳೆದದ್ದೋ?

ಒಂದು ದಿನದ ಮರಿ ಅಗ್ಗ, ಆದರೆ ಅದಕ್ಕೆ ಮೊದಲ ವಾರ ೯೫ ಡಿಗ್ರಿ ಫ್ಯಾರನ್‌ಹೀಟ್ ಕಾವು ಬೇಕು, ಆಮೇಲೆ ವಾರಕ್ಕೆ ೫ ಡಿಗ್ರಿಯಂತೆ ಇಳಿಸಬೇಕು. ೨೫ ಮರಿಗೆ ೬೦ ವ್ಯಾಟಿನ ಒಂದು ಬಲ್ಬು ಸಾಕು. ರಾತ್ರಿ ಕರೆಂಟು ಹೋಗಿ ನಿಮಗೆ ನಿದ್ದೆ ಹತ್ತಿದರೆ ಬೆಳಿಗ್ಗೆ ಮರಿಗಳು ಒಂದರ ಮೇಲೊಂದು ಒತ್ತಿ ಸತ್ತಿರುತ್ತವೆ. ಮೊದಲ ಸಲ ಸಾಕುವವರು ೫-೬ ವಾರ ಬೆಳೆದ, ಲಸಿಕೆಯಾದ ಮರಿಗಳನ್ನೇ ಕೊಳ್ಳುವುದು ಒಳಿತು.

ಇದಕ್ಕಿಂತ ಚೆಂದದ ದಾರಿಯೊಂದು ಜವಾರಿ ಹ್ಯಾಟೆಯಲ್ಲೇ ಇದೆ. ಗಿರಿರಾಜಕ್ಕೆ ಕಾವಿಗೆ ಕೂಡುವ ಬುದ್ಧಿ ಕಡಿಮೆ, ಜವಾರಿಗೆ ಅದು ಹೆಚ್ಚು. ಕಾವಿಗೆ ಕೂತ ಜವಾರಿ ಹ್ಯಾಟೆಯ ಅಡಿಯಲ್ಲಿ ಮರಿಕೇಂದ್ರದಿಂದ ತಂದ ೮-೧೦ ಗಿರಿರಾಜ ಮೊಟ್ಟೆ ಇಟ್ಟರೆ ೨೧ನೆಯ ದಿನ ಮರಿ ಹೊರಬರುತ್ತವೆ. ಮೊಟ್ಟೆ ದಪ್ಪವಾದ್ದರಿಂದ ಅದಕ್ಕಿಂತ ಹೆಚ್ಚು ಇಟ್ಟರೆ ಅಂಚಿನವು ತಣ್ಣಗಾಗುತ್ತವೆ. ಇಲ್ಲವೇ, ಅದರ ಸ್ವಂತ ಮರಿ ಹೊರಬಂದ ರಾತ್ರಿಯೇ ಒಂದು ದಿನದ ಗಿರಿರಾಜ ಮರಿಗಳನ್ನು ಕತ್ತಲಲ್ಲಿ ರೆಕ್ಕೆಯಡಿ ಸರಿಸಿ. ಬೆಳಿಗ್ಗೆ ಅದಕ್ಕೆ ಎಲ್ಲವೂ ತನ್ನವೇ. ಎರಡು-ಮೂರು ದಿನ ತಡವಾದರೆ ಒಪ್ಪದೆ ಕುಕ್ಕೀತು. ಹೀಗೆ ಬೆಳೆದ ಮರಿಗಳನ್ನು ಹಿಂಡಿಗೆ ಸೇರಿಸುವ ತಾಪತ್ರಯವೇ ಇಲ್ಲ. ಹದ್ದಿಗೆ ಅಡಗುವುದನ್ನೂ ತಾಯಿಯೇ ಕಲಿಸುತ್ತದೆ. ಅದಕ್ಕೇ ಹೇಳುವುದು, ಗಿರಿರಾಜ ಬಂತೆಂದು ಜವಾರಿ ಹ್ಯಾಟೆಗಳನ್ನು ಮಾರಿ ಕೈತೊಳೆದುಕೊಳ್ಳಬೇಡಿ.

ಗಿರಿರಾಜ ಸಂಕರ ಕೋಳಿ. ಅದರ ಮರಿಗಳಲ್ಲಿ ಅದೇ ತೂಕ, ಅದೇ ಮೊಟ್ಟೆ ಉಳಿಯುವುದಿಲ್ಲ. ಸಂಕರ ಸಜ್ಜೆಯ ಬೀಜವನ್ನು ಮರುವರ್ಷ ಬಿತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಂಜದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಭಾರದ ಗಿರಿರಾಜ ಹುಂಜ ಸಣ್ಣ ಜವಾರಿ ಹ್ಯಾಟೆಗಳ ಮೇಲೇರಿ ಬೆನ್ನಿನ ಗರಿ ಕಿತ್ತು ಗಾಯ ಮಾಡುತ್ತದೆ. ಅವನ್ನು ಮೂರು-ನಾಲ್ಕು ತಿಂಗಳಲ್ಲಿ ತೂಕಕ್ಕೆ ಮಾರಿಬಿಡಿ, ಹಿಂಡಿಗೆ ಒಂದು ಜವಾರಿ ಹುಂಜ ಸಾಕು.

ಯಾವಾಗ, ಎಷ್ಟು?

ನಮ್ಮ ಕಡೆ ಶಿವರಾತ್ರಿಯಿಂದ ಕಾರಹುಣ್ಣಿಮೆವರೆಗೆ ಹೊಸ ಕೋಳಿ ತರಬಾರದೆಂದು ನನ್ನ ಅಭಿಪ್ರಾಯ. ಬಿಸಿಲು ೪೦ ಡಿಗ್ರಿ ಸೆಲ್ಸಿಯಸ್ ದಾಟುವ ಆ ದಿನಗಳಲ್ಲಿ ಭಾರದ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಪ್ರಯಾಣವನ್ನೇ ತಾಳುವುದಿಲ್ಲ. ಕೊಕ್ಕರೆ ರೋಗದ ಹಾವಳಿಯೂ ಆಗಲೇ ಹೆಚ್ಚು. ಮಳೆ ಇಳಿದು ಹಿಂಗಾರಿ ಬಿತ್ತನೆಗೆ ಕೈಹಾಕುವ ಹೊತ್ತು ಒಳ್ಳೆಯದು. ಬೇಸಿಗೆ ಬರುವಷ್ಟರಲ್ಲಿ ಕೋಳಿ ಜಾಗಕ್ಕೆ ಹೊಂದಿಕೊಂಡಿರುತ್ತದೆ. ಬೇಸಿಗೆಯಲ್ಲಿ ಬೇವಿನ ನೆರಳು, ಮಣ್ಣಿನ ಪರಟೆಯಲ್ಲಿ ತಣ್ಣೀರು ದಿನಕ್ಕೆ ಮೂರು ಸಲ. ಕಾಳು ನಸುಕಿನಲ್ಲಿ ಮತ್ತು ಸಂಜೆ.

ಹಿತ್ತಲು ಎಷ್ಟನ್ನು ಸಾಕುತ್ತದೋ ಅಷ್ಟೇ ಇರಲಿ. ರಾಶಿಯ ಕಾಲದಲ್ಲಿ ಕಣದಲ್ಲಿ ಉದುರಿದ ಕಾಳು ನೋಡಿ ೩೦ ಕೋಳಿ ತಂದವರು ಆಷಾಢದಲ್ಲಿ ಪರದಾಡುತ್ತಾರೆ. ಸಾಮಾನ್ಯ ಮನೆಗೆ ಜವಾರಿ, ಗಿರಿರಾಜ ಎಲ್ಲ ಸೇರಿ ೧೫ರಿಂದ ೨೦ ಸಾಕು. ಅಷ್ಟಕ್ಕೆ ೬ ಅಡಿ ಉದ್ದ, ೫ ಅಡಿ ಅಗಲದ ಗಟ್ಟಿ ಬಾಗಿಲಿನ ಗೂಡು ಬೇಕು. ಜವಾರಿ ಕೋಳಿ ಬೇವಿನ ಗಿಡ ಏರಿ ಮಲಗೀತು, ಗಿರಿರಾಜ ನೆಲದಲ್ಲೇ ಮಲಗುತ್ತದೆ. ಕೂಡುವ ಕೋಲು ಎರಡು ಅಡಿಗಿಂತ ಎತ್ತರ ಬೇಡ, ಹಾರಿ ಇಳಿದರೆ ಅಂಗಾಲಿಗೆ ಪೆಟ್ಟು. ಮುದ್ದೇಬಿಹಾಳ ಮತ್ತು ಬಾಗೇವಾಡಿಯ ಕಾಲುವೆ ಕಡೆ ಕಬ್ಬಿನ ಮರೆ ಇರುವಲ್ಲಿ ಮುಂಗುಲಿ, ಕಾಡುಬೆಕ್ಕಿಗೆ ಈ ಸಾಧು ಕೋಳಿ ಸುಲಭದ ತುತ್ತು.

ಗಿರಿರಾಜಕ್ಕೆ ಮೇಯ್ದು ಬಂದ ಮೇಲೆ ಸಂಜೆ ತಲಾ ೪೦-೫೦ ಗ್ರಾಂ ಕೂಡುಕಾಳು ಬೇಕು. ಜೋಳ, ಸಜ್ಜೆ ಅಥವಾ ಗೋವಿನಜೋಳದ ನುಚ್ಚಿಗೆ ತೊಗರಿ ನುಚ್ಚು, ಸ್ವಲ್ಪ ಸೂರ್ಯಕಾಂತಿ ಹಿಂಡಿ ಬೆರೆಸಿ. ಬರೀ ಜೋಳ ಹಾಕಿದರೆ ಕೊಬ್ಬು ಬರುತ್ತದೆ, ಮೊಟ್ಟೆ ಬರುವುದಿಲ್ಲ. ಬೂಸ್ಟು ಹಿಡಿದ ಶೇಂಗಾ ಹಿಂಡಿಯನ್ನು ಮಾತ್ರ ಮುಟ್ಟಿಸಬೇಡಿ, ಅದರ ವಿಷ ಯಕೃತ್ತನ್ನು ಕೆಡಿಸುತ್ತದೆ. ತೋಲುಮೊಟ್ಟೆ ಇಡತೊಡಗಿದರೆ ಸುಣ್ಣದಂಶ ಸಾಲದು ಎಂದರ್ಥ. ಕಪ್ಪೆಚಿಪ್ಪಿನ ಪುಡಿ ಇಡಿ. ನಮ್ಮ ಕರಿಮಣ್ಣಿನಲ್ಲಿ ಸಿಗುವ ಸುಣ್ಣದ ಹರಳನ್ನು ಜವಾರಿ ಕೋಳಿ ತಾನೇ ಹುಡುಕಿ ತಿನ್ನುತ್ತದೆ.

ಬೇಸಾಯದವನಾಗಿ ಇನ್ನೊಂದು ಮಾತು. ಬಿತ್ತನೆಗೆ ಔಷಧ ಲೇಪಿಸಿದ ಬೀಜ ಉಳಿದರೆ ಹಿತ್ತಲಿಗೆ ಚೆಲ್ಲಬೇಡಿ. ಕೂರಿಗೆ, ಚೀಲ ಅಂಗಳದಲ್ಲಿ ಕೊಡವಬೇಡಿ. ಇಲಿಗೆ ಇಟ್ಟ ಪಾಷಾಣದ ಕಾಳೂ ಅಷ್ಟೇ. ಕರೆದಲ್ಲಿಗೆ ಬರುವ, ಹಾಕಿದ್ದನ್ನು ನಂಬಿ ತಿನ್ನುವ ಕೋಳಿ ಇದು. ಇಂಥ ಸಾವನ್ನು ರೋಗವೆಂದು ತಿಳಿದು ಕೋಳಿ ತಂದವರನ್ನು ಬೈದ ಮನೆಗಳನ್ನು ನೋಡಿದ್ದೇನೆ.

ಲಸಿಕೆಯ ದಿನ

ಮರಿಗೆ ೫ರಿಂದ ೭ನೆಯ ದಿನದೊಳಗೆ ಲಸೋಟಾ ಲಸಿಕೆಯ ಹನಿ ಕಣ್ಣಿಗೆ ಅಥವಾ ಮೂಗಿಗೆ, ಸುಮಾರು ೨೮ನೆಯ ದಿನ ಇನ್ನೊಮ್ಮೆ. ಎಂಟನೆಯ ವಾರ ಆರ್.೨.ಬಿ. ಚುಚ್ಚುಮದ್ದು, ಆಮೇಲೆ ಆರು ತಿಂಗಳಿಗೊಮ್ಮೆ. ಹೊಸ ಕೋಳಿಗೆ ಮಾತ್ರವಲ್ಲ, ಅವು ಬರುವ ಮುಂಚೆಯೇ ಹಳೆಯ ಜವಾರಿಗಳಿಗೂ ಆಗಿರಬೇಕು. ತೊಂದರೆ ಎಲ್ಲಿ ಎಂದರೆ, ಒಂದು ಸೀಸೆಯಲ್ಲಿ ೧೦೦ ಕೋಳಿಗಾಗುವಷ್ಟು ಮದ್ದಿರುತ್ತದೆ. ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಯಬೇಕು. ಮಂಜುಗಡ್ಡೆಯಲ್ಲೇ ತರಬೇಕು. ಹದಿನೈದು ಕೋಳಿಯ ಮನೆಗೆ ಸೀಸೆ ಒಡೆಯಲು ಯಾರಿಗೂ ಮನಸ್ಸಾಗುವುದಿಲ್ಲ. ಆದುದರಿಂದ ಇದು ಓಣಿಯೆಲ್ಲ ಸೇರಿ ಮಾಡುವ ಕೆಲಸ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಅಥವಾ ವಿಜಯಪುರ, ಇಂಡಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಮೊದಲೇ ವಿಚಾರಿಸಿ ದಿನ ಗೊತ್ತುಮಾಡಿಕೊಳ್ಳಿ.

ಅಕ್ಕ ಎರಡನೆಯ ಸಲ ಕೋಳಿ ಸಾಕಲು ಒಪ್ಪಿದ್ದು ಒಂದು ವರ್ಷದ ಮೇಲೆ. ಸತ್ತ ಕೋಳಿಗಳ ಎರಡು ಮನೆಯವರನ್ನು ಅವಳೇ ಹೋಗಿ ಕರೆದಳು. ಹಿಂದಿನ ಸಂಜೆ ಓಣಿಯಲ್ಲಿ ತಿರುಗಿ, "ನಾಳೆ ಗೂಡಿನ ಬಾಗಲಾ ತಗೀಬ್ಯಾಡ್ರಿ" ಎಂದು ಹೇಳಿ ಬಂದಿದ್ದಳು. ಒಮ್ಮೆ ಬಿಟ್ಟರೆ ಜವಾರಿ ಕೋಳಿ ಕೈಗೆ ಸಿಗುವುದಿಲ್ಲವಷ್ಟೆ. ನಸುಕಿನಲ್ಲಿ ಏಳು ಮನೆಯವರು ಬುಟ್ಟಿ ಹೊತ್ತು ಅವಳ ಕಟ್ಟೆಗೆ ಬಂದರು. ಬಿಸಿಲೇರುವ ಮುಂಚೆ ಸೀಸೆ ಖಾಲಿಯಾಯಿತು. ಮೂರು ವಾರದ ಮೇಲೆ ೮ ಗಿರಿರಾಜ ಬಂದು ಹೊಲದ ಗುಡಿಸಲಲ್ಲಿ ಉಳಿದವು. ಒಂದನ್ನು ನಾಯಿ ಹಿಡಿಯಿತು, ಎರಡು ಹುಂಜಗಳನ್ನು ಮಾರಿದೆವು. ಉಳಿದ ಐದು ಹ್ಯಾಟೆಗಳು ಆರು ತಿಂಗಳು ತುಂಬಿದ ಮೇಲೆ ಮೊಟ್ಟೆಗೆ ಬಂದವು. ಅವು ಇಟ್ಟ ಮೊಟ್ಟೆಯ ಲೆಕ್ಕವನ್ನು ಅಕ್ಕ ಗೂಡಿನ ಬಾಗಿಲಿಗೆ ಇದ್ದಿಲಿನಿಂದ ಗೆರೆ ಎಳೆದು ಇಡುತ್ತಾಳೆ. ಮುಂದಿನ ಚುಚ್ಚುಮದ್ದಿನ ತಿಂಗಳನ್ನೂ ಅದೇ ಬಾಗಿಲಿಗೆ ಬರೆಸಿದ್ದಾಳೆ.